ನೂರೊಂದನೆಯ ಬಿಲ್ಲೆ

ಟಿಣ್.

ನಾನು ಈ ಲೋಕದಲ್ಲಿ ಕೇಳಿದ ಮೊದಲ ಸದ್ದು ಅದು. ನಡುರಾತ್ರಿ ದಾಟಿತ್ತು. ಎಲ್ಲಿಂದ ಬಂತೆಂದು ಗಾಬರಿಯಿಂದ ಆಲಿಸಿದೆ. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಸದ್ದು ನನ್ನದೇ. ಯಾರೋ ನನ್ನನ್ನು ಕಲ್ಲಿನ ಅಂಚಿಗೆ ಮೆಲ್ಲಗೆ ತಟ್ಟಿದ್ದರು.

ನಾನು ಒಂದು ಕಂಚಿನ ಬಿಲ್ಲೆ. ಅಥೆನ್ಸ್ ನಗರದ ನ್ಯಾಯಾಲಯದಲ್ಲಿ ತೀರ್ಪುಗಾರರು ಮತ ಹಾಕಲು ಬಳಸುವ ಬಿಲ್ಲೆ. ನನ್ನ ಆಕಾರ ತಿಳಿಯಬೇಕಾದರೆ ಆಟದ ಬಂಡಿಯ ಚಕ್ರವೊಂದನ್ನು ನೆನೆದುಕೊಳ್ಳಿ. ನಡುವೆ ಒಂದು ಗಿಡ್ಡ ಅಚ್ಚು, ಚಕ್ರದ ಎರಡೂ ಬದಿಗೆ ಉಗುರಿನಷ್ಟು ಚಾಚಿಕೊಂಡಿದೆ. ನಮ್ಮಲ್ಲಿ ಎರಡು ಬಗೆ. ಕೆಲವರ ಅಚ್ಚಿನಲ್ಲಿ ಈ ತುದಿಯಿಂದ ಆ ತುದಿಗೆ ತೂತು ಇರುತ್ತದೆ. ಕೆಲವರ ಅಚ್ಚು ಗಟ್ಟಿ. ಬೇರೆ ಯಾವ ವ್ಯತ್ಯಾಸವೂ ಇಲ್ಲ. ಆದರೆ ಆ ಒಂದು ತೂತಿನ ಮೇಲೆ ಮನುಷ್ಯರ ಮನೆ, ಹೊಲ, ಕೆಲವೊಮ್ಮೆ ಜೀವವೇ ನಿಂತಿರುತ್ತದೆ.

ನಾನು ಯಾವ ಬಗೆ? ಬಹಳ ಕಾಲ ನನಗದು ಗೊತ್ತಿರಲಿಲ್ಲ. ಯಾರೂ ತಮ್ಮ ಬೆನ್ನನ್ನು ತಾವೇ ನೋಡಿಕೊಳ್ಳಲಾರರು. ನನ್ನ ಅಚ್ಚಿನ ತುದಿಯೂ ನನಗೆ ಹಾಗೇ.

ನನ್ನನ್ನು ಎರಕ ಹೊಯ್ದವನು ತೆಲ್ಲಿಯಾಸ್ ಎಂಬ ಕಂಚುಗಾರ. ಕಾದ ಕಂಚಿನ ಬಣ್ಣ ಕತ್ತಲಲ್ಲೇ ಸರಿಯಾಗಿ ತಿಳಿಯುವುದೆಂದು ಅವನು ರಾತ್ರಿ ಎರಕ ಹೊಯ್ಯುತ್ತಿದ್ದ. ಎರಕ ಹೊಯ್ಯುವ ಪಡಿಯಚ್ಚುಗಳಲ್ಲಿ ಅರ್ಧದಷ್ಟರ ನಡುವೆ ಮಣ್ಣಿನ ಕಡ್ಡಿ ಇಟ್ಟಿದ್ದ, ಅವು ತೂತು ಬಿಲ್ಲೆಗಳಾಗಲೆಂದು. ಇನ್ನರ್ಧಕ್ಕೆ ಇಟ್ಟಿರಲಿಲ್ಲ. ತಣ್ಣಗಾದ ಮೇಲೆ ಒಂದೊಂದನ್ನೇ ಕಲ್ಲಿಗೆ ತಟ್ಟಿ, ಕಿವಿಗೊಟ್ಟು, ಎಡಬಲದ ಬುಟ್ಟಿಗಳಿಗೆ ಎಸೆಯುತ್ತಿದ್ದ. ದೀಪವನ್ನೂ ಹತ್ತಿರ ತಂದುಕೊಳ್ಳುತ್ತಿರಲಿಲ್ಲ.

ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದ ದಾಸ ಮನೇಸ್ ನಗುತ್ತಿದ್ದ. "ಒಡೆಯಾ, ಬೆರಳಲ್ಲಿ ಮುಟ್ಟಿ ನೋಡಿದ್ರೆ ಗೊತ್ತಾಗಲ್ವಾ?"

"ಈ ಬೆರಳಲ್ಲಾ?" ತೆಲ್ಲಿಯಾಸ್ ಕೈ ಎತ್ತಿ ತೋರಿಸಿದ. ಹೆಬ್ಬೆರಳು, ತೋರುಬೆರಳುಗಳ ತುದಿ ಸುಟ್ಟು ಸುಟ್ಟು ಒಣಗಿದ ತೊಗಲಿನಂತಾಗಿದ್ದವು. "ಮೂವತ್ತು ವರ್ಷ ಬೆಂಕಿ ಮುಟ್ಟಿದ್ದೀನಿ. ನನ್ನ ಹೆಂಡತಿ ಕೆನ್ನೆ ಮುಟ್ಟಿದರೂ ಗೋಡೆ ಮುಟ್ಟಿದ ಹಾಗೇ ಇರುತ್ತೆ."

ಒಳಗಿನಿಂದ ಹೆಂಗಸಿನ ದನಿ ಬಂತು. ಅವನ ಹೆಂಡತಿ ಲೀಸಿಲ್ಲ. "ಯಾವತ್ತು ಮುಟ್ಟಿದ್ದೆ ಅಂತ?"

ಮನೇಸ್ ತಿದಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ತೆಲ್ಲಿಯಾಸನೂ ನಕ್ಕು ನನ್ನನ್ನು ಎಡಗಡೆಯ ಬುಟ್ಟಿಗೆ ಎಸೆದ. ಅದು ಯಾವ ಬುಟ್ಟಿ ಎಂದು ಅವನು ಹೇಳಲಿಲ್ಲ. ಅವನಿಗೆ ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳುವ ಅಗತ್ಯವಿರಲಿಲ್ಲ. ನನ್ನ ಗೊಂದಲ ಅಲ್ಲಿಂದಲೇ ಶುರುವಾಯಿತು.

ನ್ಯಾಯಾಲಯಕ್ಕೆ ಹೋದೆ. ಅಲ್ಲಿನ ಕ್ರಮ ನನಗೆ ಮೊದಲು ವಿಚಿತ್ರವೆನಿಸಿತು. ಪ್ರತಿ ತೀರ್ಪುಗಾರನಿಗೂ ಎರಡು ಬಿಲ್ಲೆ ಕೊಡುತ್ತಾರೆ, ಒಂದು ತೂತಿನದು, ಒಂದು ಗಟ್ಟಿ. ತೂತು ಬಿಲ್ಲೆ ದೂರು ತಂದವನ ಪರ. ಗಟ್ಟಿ ಬಿಲ್ಲೆ ದೂರಿಗೆ ಉತ್ತರ ಕೊಡುವವರ ಪರ. ತೀರ್ಪುಗಾರ ತನಗೆ ಸರಿಯೆನಿಸಿದ್ದನ್ನು ಕಂಚಿನ ಕೊಡಕ್ಕೆ ಹಾಕಬೇಕು. ಉಳಿದದ್ದನ್ನು ಮರದ ಕೊಡಕ್ಕೆ. ಎಣಿಸುವುದು ಕಂಚಿನ ಕೊಡದ್ದನ್ನು ಮಾತ್ರ. ಮತ ಯಾರಿಗೂ ತಿಳಿಯಬಾರದೆಂದು ನಮ್ಮ ಅಚ್ಚಿನ ಎರಡು ತುದಿಗಳನ್ನು ಹೆಬ್ಬೆರಳು, ತೋರುಬೆರಳಿನಿಂದ ಮುಚ್ಚಿ ಹಿಡಿದುಕೊಂಡು ನಡೆಯಬೇಕು. ಕಾನೂನು ಹಾಗಿತ್ತು.

ಆದ್ದರಿಂದ ನಾನು ಕಂಡದ್ದು ಬೆರಳುಗಳನ್ನೇ. ಬೆಳ್ಳುಳ್ಳಿ ನಾರುವ ಬೆರಳು, ಆಲಿವ್ ಎಣ್ಣೆಯ ಜಿಡ್ಡಿನ ಬೆರಳು, ಭಾಷಣ ನಡೆಯುವಾಗ ನಿದ್ದೆ ಹೋಗಿ ಈಗಷ್ಟೇ ಎದ್ದು ಬಂದ ಬೆಚ್ಚಗಿನ ಬೆರಳು. ಏಳು ಮೊಕದ್ದಮೆಗಳಲ್ಲಿ ಏಳು ಜೊತೆ ಬೆರಳು ನನ್ನನ್ನು ಹಿಡಿದವು. ಏಳು ಸಲವೂ ನಾನು ಮರದ ಕೊಡಕ್ಕೆ ಬಿದ್ದೆ. ಬೇಡದ್ದರ ನಡುವೆ, ಕತ್ತಲಲ್ಲಿ, ಆಚೆ ಕಂಚಿನ ಕೊಡದ ಎಣಿಕೆಯ ಸದ್ದು ಕೇಳುತ್ತಾ ಬಿದ್ದಿರುತ್ತಿದ್ದೆ. ನಾನು ತಪ್ಪು ಬಗೆಯ ಬಿಲ್ಲೆ ಇರಬೇಕು ಎಂದುಕೊಂಡೆ. ಆದರೆ ಏಳು ಮೊಕದ್ದಮೆಗಳಲ್ಲಿ ಒಮ್ಮೆ ಇವರು ಗೆದ್ದರು, ಒಮ್ಮೆ ಅವರು ಗೆದ್ದರು. ಎರಡೂ ಸಲ ತಪ್ಪಾಗಿರುವುದು ಹೇಗೆ?

ಒಂದು ಬೆಳಗ್ಗೆ ನಮ್ಮ ಬುಟ್ಟಿಯನ್ನು ಕಂಬಗಳ ಸಾಲಿನ ನೆರಳಲ್ಲಿ ಇಟ್ಟಿದ್ದರು. ಅಲ್ಲಿ ಒಬ್ಬ ಗುರು ತನ್ನ ನಾಲ್ವರು ಶಿಷ್ಯರೊಂದಿಗೆ ಅಡ್ಡಾಡುತ್ತಿದ್ದ. ಹೊತ್ತಿಡೀ ಮಾತಾಡುವುದೇ ಅವನ ಕಸುಬು. ನಮ್ಮ ಬುಟ್ಟಿಯನ್ನು ಕಂಡು ನಿಂತ.

"ನ್ಯಾಯ ಎಲ್ಲಿರುತ್ತೆ, ಹೇಳಿ ನೋಡೋಣ," ಎಂದ.

"ಕಾನೂನಿನಲ್ಲಿ," ಎಂದ ಒಬ್ಬ.

"ಕಾನೂನನ್ನು ಓದಿ ತೀರ್ಮಾನ ಮಾಡೋರು ಯಾರು?"

"ಈ ತೀರ್ಪುಗಾರರು. ಹಾಗಾದರೆ ಹೆಚ್ಚು ಜನ ಎಲ್ಲಿರ್ತಾರೋ ಅಲ್ಲಿ ನ್ಯಾಯ."

"ಒಬ್ಬನಿಗೆ ಹೊಟ್ಟೆ ಕೆಟ್ಟು ಎದ್ದು ಹೋದ ಅನ್ನು. ಹೆಚ್ಚು ಇದ್ದದ್ದು ಕಡಿಮೆ ಆಯ್ತು. ನ್ಯಾಯವೂ ಅವನ ಹಿಂದೆ ಎದ್ದು ಹೋಯ್ತೇ?"

ಶಿಷ್ಯರು ನಕ್ಕರು. ನಾನು ನಗಲಿಲ್ಲ. ಗುರು ಉತ್ತರ ಹೇಳುತ್ತಾನೆಂದು ಕಾದೆ. ಅವನು ಪ್ರಶ್ನೆಯನ್ನು ಅಲ್ಲೇ ಬಿಟ್ಟು, ಊಟಕ್ಕೆ ಯಾರ ಮನೆಗೆ ಹೋಗುವುದೆಂದು ಕೇಳುತ್ತಾ ಮುಂದೆ ನಡೆದ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಎಂಟನೆಯ ಮೊಕದ್ದಮೆ ಬಂತು. ನಾನು ಹುಟ್ಟಿ ಆಗಲೇ ಏಳು ವರ್ಷವಾಗಿತ್ತು.

ಮಲ್ತಾಕೆ ಎಂಬ ಹೆಂಗಸಿನ ಮೊಕದ್ದಮೆ ಅದು. ಉಣ್ಣೆ ನೂಲುವವಳು. ಡೆಕ್ಸಿಯಾಸ್ ಎಂಬವನ ಮನೆಯಲ್ಲಿ ಹನ್ನೆರಡು ವರ್ಷ ದಾಸಿಯಾಗಿದ್ದಳು. ಡೆಕ್ಸಿಯಾಸನ ತಾಯಿ ಹಾಸಿಗೆ ಹಿಡಿದಾಗ, ಆಕೆಯ ಮಾತಿನಂತೆ ಮನೆಯವರು ಮಲ್ತಾಕೆಗೆ ಬಿಡುಗಡೆ ಕೊಟ್ಟಿದ್ದರು. ಒಂದೇ ಷರತ್ತು, ಮುದುಕಿ ಬದುಕಿರುವವರೆಗೆ ಜೊತೆಗಿದ್ದು ನೋಡಿಕೊಳ್ಳಬೇಕು. ಮುದುಕಿ ತೀರಿಕೊಂಡಳು. ಮಲ್ತಾಕೆ ತನ್ನ ನೂಲುವ ಕದಿರು ತೆಗೆದುಕೊಂಡು ಹೊರಟುಹೋದಳು. ಈಗ ಡೆಕ್ಸಿಯಾಸ್ ದೂರು ತಂದಿದ್ದ: ಷರತ್ತು ಇದ್ದದ್ದು ತಾಯಿ ಬದುಕಿರುವವರೆಗಲ್ಲ, ತಾನು ಬದುಕಿರುವವರೆಗೆ.

ಮುದುಕಿ ಬಿಡುಗಡೆಯ ಮಾತು ಆಡಿದಾಗ ಕೋಣೆಯಲ್ಲಿದ್ದವರು ಇಬ್ಬರು ನೆರೆಮನೆಯ ಹೆಂಗಸರು. ಅಥೆನ್ಸಿನಲ್ಲಿ ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ಡೆಕ್ಸಿಯಾಸ್ ಗೆದ್ದರೆ ಮಲ್ತಾಕೆ ಮತ್ತೆ ದಾಸಿ. ಸೋತರೆ ಅವಳು ಪೂರ್ತಿ ಸ್ವತಂತ್ರಳು, ಯಾವ ಷರತ್ತೂ ಇಲ್ಲ. ನಡುವಿನ ದಾರಿ ಇರಲಿಲ್ಲ.

ಇನ್ನೂರೊಂದು ಮಂದಿ ತೀರ್ಪುಗಾರರು ಬೆಂಚುಗಳ ಮೇಲೆ ಕುಳಿತರು. ಡೆಕ್ಸಿಯಾಸ್ ಮಾತಿನ ಹೊತ್ತು ಅಳೆಯುವ ನೀರಿನ ಗಡಿಯಾರದ ಕೊನೆಯ ಹನಿಯವರೆಗೆ ಮಾತಾಡಿದ. ಚೆನ್ನಾಗಿ ಮಾತಾಡಿದ. ಮಲ್ತಾಕೆ ಹೆಂಗಸಾದ್ದರಿಂದ ತಾನೇ ಮಾತಾಡುವಂತಿರಲಿಲ್ಲ. ಅವಳ ಪರವಾಗಿ ಬಟ್ಟೆ ತೊಳೆಯುವ ನೆರೆಯವನೊಬ್ಬ ಎದ್ದು ನಿಂತ. ನಾಲ್ಕು ಮಾತಾಡಿ ಬಾಯಿ ಒಣಗಿ ನಿಂತುಬಿಟ್ಟ. ಗಡಿಯಾರದಲ್ಲಿ ಇನ್ನೂ ಅರ್ಧ ನೀರಿತ್ತು. ಅದು ಸುರಿದು ಮುಗಿಯುವವರೆಗೆ ಸಭೆಯೆಲ್ಲ ಆ ನೀರಿನ ಸದ್ದನ್ನೇ ಕೇಳುತ್ತ ಕುಳಿತಿತ್ತು. ಮಲ್ತಾಕೆಯ ಬೆರಳುಗಳು ಮಾತ್ರ ಮಡಿಲಲ್ಲಿ ಇಲ್ಲದ ನೂಲನ್ನು ಹೊಸೆಯುತ್ತಿದ್ದವು.

ಬಿಲ್ಲೆ ಹಂಚುವವನು ನನ್ನನ್ನು ಒಬ್ಬ ಮುದುಕನ ಎಡಗೈಯಲ್ಲಿ ಇಟ್ಟ. ಇನ್ನೊಂದು ಬಿಲ್ಲೆಯನ್ನು ಬಲಗೈಯಲ್ಲಿ ಇಟ್ಟ. ಒಣಗಿದ ತೊಗಲಿನಂಥ ಆ ಬೆರಳು ನನಗೆ ಕೂಡಲೇ ಗುರುತು ಸಿಕ್ಕಿತು. ತೆಲ್ಲಿಯಾಸ್! ನನ್ನನ್ನು ಮಾಡಿದವನೇ ನನ್ನನ್ನು ಹಾಕಲು ಬಂದಿದ್ದ. ಈಗ ಅವನ ಬೆನ್ನು ಬಾಗಿತ್ತು, ಎದೆಯಲ್ಲಿ ಕುಲುಮೆಯ ಹೊಗೆ ಕಟ್ಟಿ ಕೆಮ್ಮು ಬಿಡುತ್ತಿರಲಿಲ್ಲ.

ಪಕ್ಕದಲ್ಲಿದ್ದ ಕೋಮಿಯಾಸ್, ಸಂತೆಯಲ್ಲಿ ಮೀನು ಮಾರುವವನು, ಮೊಣಕೈಯಿಂದ ತಿವಿದ. "ಏನಪ್ಪಾ, ನಿನ್ನ ಮನೇಸ್ ಬಂದರಿನಲ್ಲಿ ಸ್ವಂತ ಕುಲುಮೆ ಹಾಕಿದಾನಂತೆ? ನಿನಗಿಂತ ಚೆನ್ನಾಗಿ ದೀಪ ಮಾಡ್ತಾನೆ ಅಂತ ನನ್ನ ಹೆಂಡತಿ ಹೇಳ್ತಿದ್ಲು."

"ನಿನ್ನ ಹೆಂಡತಿಗೆ ಮೀನಿನ ವಾಸನೆ ಹೊಡೆದು ಕಣ್ಣು ಹೋಗಿದೆ."

"ಬಿಡುಗಡೆ ಕೊಟ್ಟೋನು ನೀನೇ ಅಲ್ವೇನೋ?"

"ನಾನು ಸಾಯೋವರೆಗೂ ಇರಬೇಕು ಅಂತ ಕೊಟ್ಟೆ. ಎರಡೇ ವರ್ಷಕ್ಕೆ ಹೋದ," ಎಂದು ತೆಲ್ಲಿಯಾಸ್ ಹಲ್ಲು ಕಡಿದ. "ದಾವೆ ಹೂಡೋಣ ಅಂದ್ರೆ ನನ್ನವಳು ಬಾಗಿಲಿಗೆ ಅಡ್ಡ ನಿಂತಳು. ಎಲ್ಲರೂ ಹೀಗೆ ಎದ್ದು ಹೋದರೆ ತಿದಿ ಒತ್ತೋರು ಯಾರು? ಆ ಡೆಕ್ಸಿಯಾಸ್ ಹೇಳೋದು ಸರಿಯಾಗೇ ಇದೆ."

ನನಗೆ ಅರ್ಥವಾಯಿತು. ಅವನು ಆ ಹೆಂಗಸಿನ ಮುಖ ನೋಡುತ್ತಿದ್ದ, ಆದರೆ ಕಾಣುತ್ತಿದ್ದದ್ದು ಮನೇಸನ ಬೆನ್ನು.

"ತೂತು ಬಿಲ್ಲೆ ಮೊದಲು ಮಾತಾಡಿದವನ ಪರ! ಗಟ್ಟಿ ಬಿಲ್ಲೆ ಆಮೇಲೆ ಮಾತಾಡಿದವನ ಪರ!" ಎಂದು ಸಾರುವವನು ಕೂಗಿದ. ಸಾಲು ಮುಂದೆ ಸರಿಯಿತು.

ಕೊಡಗಳಿಗೆ ಇನ್ನು ನಾಲ್ಕು ಹೆಜ್ಜೆ. ಆಗ ತೆಲ್ಲಿಯಾಸನಿಗೆ ಕೆಮ್ಮು ಬಂತು. ಅಂಥಿಂಥ ಕೆಮ್ಮಲ್ಲ, ಕಣ್ಣಲ್ಲಿ ನೀರು ತರಿಸುವ ಕೆಮ್ಮು. ಬಾಯಿಗೆ ಬಟ್ಟೆ ಅಡ್ಡ ಹಿಡಿಯಲು ಒಂದು ಕೈ ಬೇಕಾಯಿತು. ಎರಡೂ ಬಿಲ್ಲೆಗಳನ್ನು ಒಂದೇ ಕೈಗೆ ಹಾಕಿಕೊಂಡ. ಕೆಮ್ಮು ನಿಂತ ಮೇಲೆ ಮತ್ತೆ ಎರಡು ಕೈಗೂ ಹಂಚಿಕೊಂಡ. ನಾನು ಈಗ ಬಲಗೈಯಲ್ಲಿದ್ದೆ.

ಅವನ ಬೆರಳು ನನ್ನ ತುದಿಯ ಮೇಲೆ ಒತ್ತಿತು, ಉಜ್ಜಿತು, ಮತ್ತೆ ಒತ್ತಿತು. ಹುಡುಕುತ್ತಿತ್ತು. ಬೇರೆ ಯಾವ ಕಸುಬಿನವನಿಗೂ ಒಂದು ಸಲ ಮುಟ್ಟಿದರೆ ಸಾಕಿತ್ತು. ಅವನಿಗೆ ಏನೂ ತಿಳಿಯಲಿಲ್ಲ. ಬೆರಳು ಸರಿಸಿ ನೋಡೋಣವೆಂದರೆ ಕೊಡದ ಎರಡು ಬದಿಯಲ್ಲಿ ಎರಡೂ ಪಕ್ಷದವರು ನಿಂತು ದಿಟ್ಟಿಸುತ್ತಿದ್ದರು. ಹಂಚುವವನನ್ನು ಕೇಳೋಣವೆಂದರೆ, ಬಿಲ್ಲೆ ಮಾಡಿದವನಿಗೇ ಬಿಲ್ಲೆ ತಿಳಿಯಲಿಲ್ಲವೆಂದು ಊರೇ ನಗುತ್ತದೆ. ಹಿಂದಿನಿಂದ ಕೋಮಿಯಾಸ್, "ನಡಿಯಪ್ಪಾ, ಮೀನು ಕೊಳೀತಾ ಇದೆ," ಎಂದ.

"ಬಲಗೈದು ಕಂಚಿಗೆ," ಎಂದು ತೆಲ್ಲಿಯಾಸ್ ತನಗೆ ತಾನೇ ಗೊಣಗಿಕೊಂಡ. ಹಂಚುವಾಗ ನೋಡಿಕೊಂಡಂತೆ ತೂತು ಬಿಲ್ಲೆ ಬಲಗೈಯಲ್ಲಿತ್ತೆಂಬುದು ಅವನ ನೆನಪು. ಆ ನೆನಪು ಕೆಮ್ಮಿಗಿಂತ ಮುಂಚಿನದು.

ಕೊಡದ ಮುಚ್ಚಳದಲ್ಲಿ ಒಂದೇ ಬಿಲ್ಲೆ ಹಿಡಿಯುವಷ್ಟು ಸೀಳು. ನನ್ನನ್ನು ಅದರ ಮೇಲೆ ಹಿಡಿದು ಬಿಟ್ಟ. ನನ್ನ ಅಂಚು ಸೀಳಿನ ಕಂಚಿಗೆ ತಗುಲಿತು.

ಟಿಣ್.

ನಾನು ಹುಟ್ಟಿದ ರಾತ್ರಿ ಕೇಳಿದ ಸದ್ದೇ. ಉದ್ದವಾಗಿ, ಒಡಕಿಲ್ಲದೆ. ನಾನು ಒಳಗೆ ಬೀಳುತ್ತ ಬೀಳುತ್ತ ಅವನ ಮುಖ ಕಂಡೆ. ಕೇಳಿದ್ದು ಅವನೊಬ್ಬನೇ ಎಂದು ಹೇಳಲಾರೆ. ಆದರೆ ಕೇಳಿ ಅರ್ಥವಾದದ್ದು ಅವನೊಬ್ಬನಿಗೇ. ಬಾಯಿ ಅರ್ಧ ತೆರೆದಿತ್ತು. ತೂತು ಬಿಲ್ಲೆ ಹಾಗೆ ದನಿ ಮಾಡುವುದಿಲ್ಲ.

ಕೊಡವನ್ನು ಬೋರಲು ಹಾಕಿ, ನಮ್ಮನ್ನು ಎಣಿಕೆಯ ಹಲಗೆಯ ಕುಳಿಗಳಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ತೂತಿನವು ಒಂದು ಕಡೆ, ಗಟ್ಟಿಯವು ಒಂದು ಕಡೆ. ನಾನು ಗಟ್ಟಿಯವರ ಸಾಲಿನಲ್ಲಿ ನಿಂತೆ. ಏಳು ವರ್ಷ ತಿಳಿಯದೆ ಒದ್ದಾಡಿದ್ದು ಹೀಗೆ ಒಂದು ಕ್ಷಣದಲ್ಲಿ ತಿಳಿಯಿತು. ತಿಳಿದದ್ದಕ್ಕೆ ಸಂತೋಷಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

"ತೂತು ಬಿಲ್ಲೆ ನೂರು! ಗಟ್ಟಿ ಬಿಲ್ಲೆ ನೂರೊಂದು!"

ಮಲ್ತಾಕೆ ಅಳಲಿಲ್ಲ, ಕುಣಿಯಲಿಲ್ಲ. ಹಲಗೆಯ ಹತ್ತಿರ ಬಂದು ನಮ್ಮನ್ನೆಲ್ಲ ಒಂದೊಂದಾಗಿ ನೋಡಿದಳು, ಎಣಿಸುವವನಿಗಿಂತ ನಿಧಾನವಾಗಿ. ಬೆಂಚಿನ ಮೇಲೆ ತೆಲ್ಲಿಯಾಸ್ ಎರಡು ಸಲ ಏಳಲು ಹೋಗಿ ಕುಳಿತ. ತನಗೆ ನ್ಯಾಯವೆಂದು ತೋರಿದಂತೆಯೇ ಮತ ಹಾಕುತ್ತೇನೆಂದು ಅವನು ವರ್ಷದ ಮೊದಲಲ್ಲಿ ಝ್ಯೂಸ್ ದೇವರ ಮೇಲೆ ಆಣೆ ಇಟ್ಟಿದ್ದ. ಎಲ್ಲ ತೀರ್ಪುಗಾರರೂ ಇಡುತ್ತಾರೆ. ಕೈತಪ್ಪಿ ಹಾಕಿದೆನೆಂದು ಈಗ ಹೇಳಿದರೆ ಆಣೆ ಉಳಿಯುತ್ತದೆಯೇ? ಹೇಳಿದರೆ ಡೆಕ್ಸಿಯಾಸ್ ಸುಮ್ಮನಿರುತ್ತಾನೆಯೇ? ಮೂರನೆಯ ಸಲ ಎದ್ದಾಗ ಸಭೆ ಮುಗಿದಿತ್ತು.

ಅದಾಗಿ ಮೂರು ವರ್ಷ ನಾನು ಮತ್ತೆ ಹಲವರ ಕೈ ಸೇರಿದೆ, ಆದರೆ ಹೇಳುವಂಥದ್ದೇನೂ ಆಗಲಿಲ್ಲ. ಅಂಚು ಸವೆಯಿತು. ನನ್ನ ಮೈಮೇಲೆ ಕೆತ್ತಿದ್ದ ನಗರದ ಹೆಸರು ಮಾಸಿತು. ಒಂದು ದಿನ ಅಧಿಕಾರಿಗಳು ಹಳೆಯ ಬಿಲ್ಲೆಗಳನ್ನೆಲ್ಲ ಚೀಲಕ್ಕೆ ತುಂಬಿ, ಕರಗಿಸಿ ಹೊಸದು ಮಾಡಿಕೊಡೆಂದು ತೆಲ್ಲಿಯಾಸನ ಕುಲುಮೆಗೆ ಕಳಿಸಿದರು. ಹುಟ್ಟಿದ ಮನೆಗೆ ಹೀಗೆ ಹಿಂತಿರುಗಿದೆ, ಗುಜರಿಯಾಗಿ.

ನಾನು ರಾಶಿಯ ಮೇಲ್ಗಡೆ ಬಿದ್ದಿದ್ದೆ. ಹಾಗಾಗಿ ಮರುದಿನ ಒಳಗೆ ಬಂದ ಹೆಂಗಸನ್ನು ಕಂಡೆ. ಮಲ್ತಾಕೆ.

"ಅಪ್ಪಾ, ಕದಿರಿನ ಕೊಕ್ಕೆ ಮುರಿದಿದೆ. ಸರಿ ಮಾಡ್ತೀರಾ?" ಎಂದಳು. ಆಮೇಲೆ ಬಿಲ್ಲೆಗಳ ರಾಶಿಯನ್ನು ಕಂಡಳು. ಬಾಗಿ ಒಂದನ್ನು ಎತ್ತಿಕೊಂಡಳು, ನನ್ನ ಪಕ್ಕದ್ದನ್ನು. ಅದರ ಅಚ್ಚಿನಲ್ಲಿ ಕಣ್ಣಿಟ್ಟು ನೋಡಿದಳು. ಆಚೆಯ ಬೆಳಕು ಕಂಡಿರಬೇಕು, ಕೈ ಸುಟ್ಟವಳಂತೆ ಕೆಳಗಿಟ್ಟಳು.

ಲೀಸಿಲ್ಲ ನೀರು ತಂದುಕೊಟ್ಟು, "ಏನಾಯ್ತಮ್ಮಾ?" ಎಂದಳು.

ಮಲ್ತಾಕೆ ತನ್ನ ಮೊಕದ್ದಮೆಯ ಕಥೆ ಹೇಳಿದಳು. "ನೂರೊಂದು, ನೂರು. ಆ ಒಬ್ಬ ಯಾರೋ ನನಗೆ ಗೊತ್ತಿಲ್ಲ. ಬೀದೀಲಿ ಯಾವ ಮುದುಕರನ್ನ ಕಂಡರೂ ಇವರೇ ಇರಬಹುದಾ ಅನ್ಸತ್ತೆ. ದಿನಾ ನೂಲುವಾಗ ಒಂದು ಹಿಡಿ ಉಣ್ಣೆ ಅವರಿಗೆ ಅಂತ ಎತ್ತಿಡ್ತೀನಿ. ಒಂದು ಹೊದಿಕೆಗೆ ಆಗೋವಷ್ಟಾಗಿದೆ. ಕೊಡೋದು ಯಾರಿಗೆ?"

"ನೂರೊಂದು ಜನಕ್ಕೂ ಒಂದೊಂದು ಎಳೆ ಕೊಡು," ಎಂದು ಲೀಸಿಲ್ಲ ನಕ್ಕಳು. ಹಾಗೇ ನಗು ನಿಲ್ಲಿಸಿ ಗಂಡನ ಕಡೆ ತಿರುಗಿದಳು. "ನೀನೂ ಅವತ್ತು ಹೋಗಿದ್ದೆ ಅಲ್ವಾ? ಉಣ್ಣೆಯವಳ ಮೊಕದ್ದಮೆ ಅಂತ ಬೆಳಗ್ಗೆ ಕೋಮಿಯಾಸ್ ಬಂದು ಕರ್ಕೊಂಡು ಹೋದ. ಸಂಜೆ ಬಂದು ಊಟ ಮಾಡದೆ ಮಲಗಿದ್ದೆ."

ಮಲ್ತಾಕೆ ಎದ್ದು ನಿಂತಳು. "ಅಪ್ಪಾ... ನೀವು ಯಾವ ಕಡೆ?"

ತೆಲ್ಲಿಯಾಸ್ ಕೊಕ್ಕೆಯನ್ನು ಬೆಂಕಿಗೆ ಹಿಡಿದಿದ್ದ. ಅದು ಕೆಂಪಾಗಿ, ಬೆಳ್ಳಗಾಗಿ, ಹಾಳಾಯಿತು.

"ಹೇಳೋ ಹಾಗಿಲ್ಲಮ್ಮಾ," ಎಂದ ಕೊನೆಗೆ. "ತುದಿ ಮುಚ್ಚಿ ಹಿಡೀಬೇಕು ಅಂತ ಕಾನೂನು ಮಾಡಿರೋದು ಯಾಕೆ?"

ಅದು ಸುಳ್ಳಲ್ಲ. ನಿಜವೆಂದೂ ನಾನು ಹೇಳಲಾರೆ. ಮಲ್ತಾಕೆ ಅವನ ಮುಖವನ್ನು ಬಹಳ ಹೊತ್ತು ನೋಡಿ, ಬಾಗಿ ವಂದಿಸಿ, ಹೊಸ ಕೊಕ್ಕೆ ತೆಗೆದುಕೊಂಡು ಹೋದಳು. ಮರುದಿನ ಬಾಗಿಲಲ್ಲಿ ಒಂದು ಉಣ್ಣೆಯ ಗಂಟು ಇತ್ತು. ತೆಲ್ಲಿಯಾಸ್ ಅದನ್ನು ಮುಟ್ಟಲಿಲ್ಲ. ಲೀಸಿಲ್ಲ ಒಳಗೆ ತೆಗೆದಿಟ್ಟಳು. ಅವತ್ತಿನಿಂದ ಅವಳು ಗಂಡನೊಂದಿಗೆ ಮೆತ್ತಗೆ ಮಾತಾಡತೊಡಗಿದಳು. ಅವನನ್ನು ಕೇಳದೆ ಬಂದರಿಗೆ ಒಬ್ಬರ ಕೈಲಿ ಸುದ್ದಿಯನ್ನೂ ಕಳಿಸಿದಳು.

ಕರಗಿಸುವ ಸಂಜೆ ಬಾಗಿಲಲ್ಲಿ ಮನೇಸ್ ನಿಂತಿದ್ದ. ದಪ್ಪಗಾಗಿದ್ದ. ಆ ಹಳೆಯ ನಗು ಮಾತ್ರ ಹಾಗೇ ಇತ್ತು, ಸ್ವಲ್ಪ ಹೆದರಿಕೊಂಡು.

"ಅಮ್ಮ ಹೇಳಿ ಕಳಿಸಿದ್ರು. ಈ ವಯಸ್ಸಲ್ಲಿ ನಿಮ್ಮ ಕೈಲಿ ತಿದಿ ಆಗಲ್ಲ ಅಂತ."

"ಒತ್ತೋದು ಮರೆತಿಲ್ಲ ತಾನೆ?"

"ನೀವು ಬೈಯೋದು ಮರೆತಿಲ್ಲ ಅಂದ್ರೆ ನಾನೂ ಮರೆತಿಲ್ಲ."

ಮನೇಸ್ ತಿದಿಯ ಹಿಂದೆ ಕುಳಿತ. ಬೆಂಕಿ ಉಸಿರಾಡತೊಡಗಿತು. ತೂತು ಬಿಲ್ಲೆಗಳೊಳಗೆ ಹಳೆಯ ಮಣ್ಣಿನ ಚೂರು ಉಳಿದಿರುತ್ತದೆ, ಅದು ಕಂಚನ್ನು ಕೆಡಿಸುತ್ತದೆ. ಆದ್ದರಿಂದ ತೆಲ್ಲಿಯಾಸ್ ಒಂದೊಂದನ್ನೇ ಕಲ್ಲಿಗೆ ತಟ್ಟಿ ಬೇರೆ ಮಾಡುತ್ತಿದ್ದ. ಗಟ್ಟಿಯವು ನೇರವಾಗಿ ಕಂಚು ಕರಗಿಸುವ ಮೂಸೆಯ ಪಕ್ಕಕ್ಕೆ.

ತಿದಿಯ ನಡುವೆ ಮನೇಸ್ ತಗ್ಗಿದ ದನಿಯಲ್ಲಿ ಹೇಳಿದ, "ಒಡೆಯಾ, ಅಮ್ಮ ಎಲ್ಲಾ ಹೇಳಿದ್ರು. ಆ ಹೆಂಗಸಿನ ಪರ ನೀವು ಹಾಕಿದ್ದು. ಅದಕ್ಕೇ ನಾನು ಬಂದೆ. ಇಲ್ಲದಿದ್ದರೆ ಬರೋ ಧೈರ್ಯ ಇರಲಿಲ್ಲ. ನನ್ನ ಮೇಲೆ ಇನ್ನೂ ಸಿಟ್ಟಿರುತ್ತೆ ಅಂದ್ಕೊಂಡಿದ್ದೆ."

ತೆಲ್ಲಿಯಾಸ್ ರಾಶಿಗೆ ಕೈ ಹಾಕಿದ. ಆ ಕೈಗೆ ನಾನು ಬಂದೆ.

ಇದನ್ನೆಲ್ಲ ನಾನು ಮೂಸೆಯ ಅಂಚಿನಲ್ಲಿ ಕುಳಿತು ಹೇಳುತ್ತಿದ್ದೇನೆ. ಇನ್ನು ಸ್ವಲ್ಪ ಹೊತ್ತಿಗೆ ಕರಗುತ್ತೇನೆ. ಮತ್ತೆ ಬಿಲ್ಲೆಯಾಗಬಹುದು, ಈ ಸಲ ತೂತಿನದೇ ಆಗಬಹುದು. ಕಂಬದ ನೆರಳಿನ ಆ ಗುರುವನ್ನು ಇನ್ನೊಮ್ಮೆ ಕಂಡರೆ ಕೇಳಬೇಕೆಂದಿದ್ದೆ. ಮುದುಕನೊಬ್ಬ ಮನಸ್ಸಿನಲ್ಲಿ ಇಲ್ಲವೆಂದ, ಕೈಯಲ್ಲಿ ಹೌದೆಂದ. ಆ ಹೌದನ್ನು ಹಿಡಿದುಕೊಂಡು ಒಬ್ಬಳು ತನ್ನ ಬಾಗಿಲನ್ನು ತಾನೇ ಹಾಕಿಕೊಂಡು ಮಲಗುತ್ತಾಳೆ. ನ್ಯಾಯ ಆ ಮನಸ್ಸಿನಲ್ಲಿತ್ತೇ, ಈ ಕೈಯಲ್ಲಿತ್ತೇ, ಇಲ್ಲ ಒಂದು ಕೆಮ್ಮಿನಲ್ಲೇ? ನನಗೆ ಗೊತ್ತಿಲ್ಲ. ನಾನು ಗಟ್ಟಿ ಎಂಬುದಷ್ಟೇ ಗೊತ್ತು.

ಇಲ್ಲಿಗೆ ಬರುವ ಮುನ್ನ, ರಾಶಿಯಿಂದ ಎತ್ತಿಕೊಂಡ ಕೂಡಲೇ, ತೆಲ್ಲಿಯಾಸ್ ನನ್ನನ್ನು ಕಲ್ಲಿಗೆ ತಟ್ಟಿದ್ದ.

ಟಿಣ್.

ಅವನು ನಿಂತ. ನಾನೇ ಎಂದು ಗುರುತು ಸಿಕ್ಕಿತೋ, ಆ ದಿನದ ಸದ್ದು ನೆನಪಾಯಿತೋ ಹೇಳಲಾರೆ. ನನ್ನನ್ನು ಕಿವಿಯ ಹತ್ತಿರ ಹಿಡಿದುಕೊಂಡ. ಸದ್ದು ಪೂರ್ತಿ ಆರುವವರೆಗೆ ಹಿಡಿದೇ ಇದ್ದ. ತಿದಿ ನಿಂತಿತು.

"ಏನಾಯ್ತು, ಒಡೆಯಾ?"

ತೆಲ್ಲಿಯಾಸನ ತುಟಿ ತೆರೆಯಿತು. ಹತ್ತು ವರ್ಷದ ಹಿಂದೆ ಇದೇ ಬೆಂಕಿಯ ಮುಂದೆ ನಕ್ಕಿದ್ದ ಮನುಷ್ಯನನ್ನು ನೋಡಿದ. ಒಳಗೆ ಲೀಸಿಲ್ಲ ಉಣ್ಣೆಯ ಗಂಟು ಬಿಚ್ಚಿ ಹಿಂಜುತ್ತ ಏನೋ ಗುನುಗುತ್ತಿದ್ದಳು. ನನ್ನ ಎರಡೂ ತುದಿಗಳ ಮೇಲೆ ಅವನ ಬೆರಳು ಮೆಲ್ಲಗೆ ಬಂದು ಕೂತಿತು, ಕಾನೂನು ಹೇಳಿದಂತೆ, ಏನೂ ಕಾಣದಂತೆ.

"ಏನಿಲ್ಲ," ಎಂದು ನನ್ನನ್ನು ಮೂಸೆಯ ಅಂಚಿಗೆ ಇಟ್ಟ. "ಒಡೆಯ ಗಿಡೆಯ ಅನ್ನಬೇಡ. ತಿದಿ ಒತ್ತು."